ಅಳತೆ ಮೇಷ್ಟ್ರ ಒಂದು ನಲವತ್ತು

ಬೀದಿಯವರೆಲ್ಲ ಅವರನ್ನು ಅಳತೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದವರೇನೂ ಅಲ್ಲ. ಸೇತುವೆಯ ಕೆಳಗೆ ನದಿಯಲ್ಲಿ ನೆಟ್ಟಿದ್ದ ಗುರುತಿನ ಕಂಬವನ್ನು ಮೂವತ್ತೊಂದು ವರ್ಷ ದಿನವೂ ಬೆಳಿಗ್ಗೆ ನೋಡಿ, ನೀರು ಎಷ್ಟು ಮೀಟರಿಗೆ ಬಂದಿದೆಯೆಂದು ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ದಿನ ಎಂಜಿನಿಯರು, "ಇವರ ರಿಜಿಸ್ಟರಿನಲ್ಲಿ ಒಂದು ದಿನವೂ ಖಾಲಿ ಇಲ್ಲ" ಎಂದು ಹೊಗಳಿದಾಗ ಮೇಷ್ಟ್ರು ತಲೆ ಎತ್ತಲೇ ಇಲ್ಲ. ಎಷ್ಟು ವಿನಯ ನೋಡಿ ಎಂದುಕೊಂಡರು, ಸೇರಿದವರು.

ಮೇಷ್ಟ್ರ ಅಕ್ಕನ ಮಗಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಡಾಕ್ಟರು ಮಳೆಗಾಲ ಮುಗಿದ ಮೇಲೆ ಎರಡು ವಾರ ದವಾಖಾನೆಗೆ ಬೀಗ ಹಾಕಿ ಊರು ಬಿಡುತ್ತಿದ್ದರು. ಆ ರಜೆಯಲ್ಲಿ ಗೆಳತಿಯೊಬ್ಬಳನ್ನು ಕಟ್ಟಿಕೊಂಡು, ದಾರಿ ತೋರಿಸುವವರಿಲ್ಲದೆ ಇಬ್ಬರೇ ಮೂರು ದಿನ ಕಯಾಕ್ ಎಂಬ ಸಪೂರ ದೋಣಿಯಲ್ಲಿ ನದಿಯಗುಂಟ ಹೋಗಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಮೇಷ್ಟ್ರು ಹಳೆಯ ಅಂಕಿಗಳನ್ನೆಲ್ಲ ಮನೆಯ ನೋಟ್‌ಬುಕ್ಕುಗಳಲ್ಲಿ ನಕಲು ಮಾಡಿಟ್ಟಿದ್ದರು. ಒಂದು ಭಾನುವಾರ ಅವಳು ಅವನ್ನೆಲ್ಲ ಕೆಳಗಿಳಿಸಿ, ಊಟದ ಮೇಜಿನ ತುಂಬ ಹರಡಿಕೊಂಡು ಕುಳಿತಳು.

"ಮಾವ, ಕೇಳು. ಎರಡನೇ ದಿನ ಒಂದು ಬಂಡೆಸಾಲು ಸಿಗುತ್ತೆ. ನಮ್ಮ ಕಂಬದಲ್ಲಿ ನೀರು ಒಂದು ಮೀಟರ್ ಇಪ್ಪತ್ತಕ್ಕಿಂತ ಕೆಳಗಿದ್ರೆ ಕಯಾಕ್ ಕಲ್ಲಿಗೆ ಉಜ್ಜುತ್ತೆ. ಒಂದು ಎಂಬತ್ತು ದಾಟಿದ್ರೆ ಸೆಳೆತಕ್ಕೆ ಮಗುಚುತ್ತೆ. ಆದ್ರೆ ನನ್ನ ರಜೆ ಇರೋ ವಾರ ನೋಡು. ಪ್ರತಿ ವರ್ಷ ಒಂದು ನಲವತ್ತು, ಒಂದು ನಲವತ್ತೊಂದು, ಮತ್ತೆ ಒಂದು ನಲವತ್ತು! ಇಪ್ಪತ್ತೇಳು ವರ್ಷದಿಂದ ಒಂದು ಬೆರಳಷ್ಟೂ ಅಲ್ಲಾಡಿಲ್ಲ. ಇಷ್ಟು ಸಂಭಾವಿತ ನದಿ ಎಲ್ಲಿ ಸಿಗುತ್ತೆ ಹೇಳು?"

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು.

ನಡೆದದ್ದು ಇಷ್ಟು. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ, ನೆರೆ ಇಳಿದ ಮೇಲೆ, ಕಂಬದ ಬಳಿಗೆ ಇಳಿಯುವ ಮೆಟ್ಟಿಲಿನ ಮೇಲೆ ಕುಳಿತ ಲೋಳೆಯಲ್ಲಿ ಅವರು ಜಾರಿ ಕುತ್ತಿಗೆಮಟ್ಟದ ನೀರಿಗೆ ಬಿದ್ದಿದ್ದರು. ಕಂಬವನ್ನೇ ಅಪ್ಪಿ ಹಿಡಿದು ಬದುಕಿಕೊಂಡರು. ಅಂದಿನಿಂದ ಪ್ರತಿ ವರ್ಷ ಮಳೆಗಾಲದ ಬಳಿಕ ಲೋಳೆ ಒಣಗುವವರೆಗಿನ ಎರಡು ವಾರ ಮೆಟ್ಟಿಲಿಗೆ ಕಾಲಿಡಲು ಅವರಿಗೆ ಧೈರ್ಯವಾಗಲಿಲ್ಲ. ಸೇತುವೆಯ ಮೇಲೆ ನಿಂತು ಒಂದು ಕಣ್ಣು ಹಾಯಿಸಿ, ಒಂದು ನಲವತ್ತೆಂದು ಬರೆದು ಮನೆಗೆ ಬರುತ್ತಿದ್ದರು. ಒಂದು ವರ್ಷವಂತೂ ಮೇಲೆಲ್ಲೋ ತಡವಾಗಿ ಮಳೆ ಸುರಿದು, ದಡಕ್ಕೆ ಕಟ್ಟಿದ್ದ ದೋಣಿಗಳು ಹಗ್ಗ ಕಿತ್ತುಕೊಂಡು ಹೋಗಿದ್ದವು. ಅಂದೂ ಕೈ ತನ್ನಷ್ಟಕ್ಕೆ ಒಂದು ನಲವತ್ತೊಂದು ಬರೆದಿತ್ತು.

"ಆ ವಾರ ಬೇಡಮ್ಮ" ಎಂದರು ಮೇಷ್ಟ್ರು.

"ಯಾಕೆ?"

"ಬೇಡ ಅಂದ್ರೆ ಬೇಡ. ಬಿಸಿಲು ಜಾಸ್ತಿ."

"ಅದಕ್ಕೇ ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ದಡ ಸೇರೋದು. ನೀರಿನ ಕ್ಯಾನು, ಲೈಫ್ ಜಾಕೆಟ್ಟು, ತಂಗೋ ಜಾಗ, ಎಲ್ಲ ಬರೆದಾಯ್ತು. ಹೋಗಲಿ ಬಿಡು, ನಿನ್ನ ಅಂಕಿಯನ್ನ ನೀನೇ ನಂಬಲ್ವಾ?" ಎಂದು ಹುಡುಗಿ ನಕ್ಕಳು.

ಈ ಮಾತು ಎದೆಗೆ ನಾಟಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಆದರೆ ಮಗು ಬಂಡೆಸಾಲಿಗೆ ಹೋಗುತ್ತಾಳೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನೋಟ್‌ಬುಕ್ಕಿನ ಮೇಲೆ ಅಂಗೈ ಮುಚ್ಚಿ, ಮೇಜನ್ನೇ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟರು.

ಹುಡುಗಿಯ ನಗು ಅರ್ಧಕ್ಕೇ ನಿಂತಿತು. "ಇಪ್ಪತ್ತೇಳು ವರ್ಷಾನೂ?"

"ಹೂಂ."

ಒಳಗಿನಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. "ಅಂತೂ ಬಾಯಿ ಬಿಟ್ಟಿರಲ್ಲ! ವರ್ಷವೆಲ್ಲ ಒದ್ದೆ ಚಪ್ಪಲಿ ತಂದು ನನ್ನ ಹೊಸಲು ಕೆಡಿಸೋರು, ಆ ಹದಿನೈದು ದಿನ ಮಾತ್ರ ಒಣ ಚಪ್ಪಲೀಲಿ ಬರ್ತಿದ್ರಿ. ನಾನೇನು ಕಣ್ಣಿಲ್ಲದವಳಾ?"

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?" ಎಂದರು ಮೇಷ್ಟ್ರು.

"ಕೇಳಿದ್ರೆ ಇಳೀತಿದ್ರಿ. ಇಳಿದ್ರೆ ಬೀಳ್ತಿದ್ರಿ" ಎಂದವರೇ ಆಕೆ ಒಳಗೆ ಹೋದರು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ಭಾರವೆನಿಸುತ್ತಿರಲಿಲ್ಲ. ತನ್ನ ಕಾಗದಗಳನ್ನು ಮಡಚಿಕೊಂಡು ಎದ್ದಳು. ನೋಟ್‌ಬುಕ್ಕುಗಳನ್ನು ಅಲ್ಲೇ ಬಿಟ್ಟಳು. ಮೂರು ದಿನ ಈ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು, ಬಾಗಿಲಲ್ಲೇ ನಿಂತು ಹೇಳಿದಳು: "ರಜೆ ಬದಲಾಗಲ್ಲ, ಮಾವ. ಹೊರಡೋ ದಿನ ಬೆಳಿಗ್ಗೆ ನಿಜವಾದ ಅಂಕಿ ಬೇಕು. ಕಂಬ ನೋಡೋಕೆ ಕಚೇರಿಯವರು ಬರೋದು ಎಂಟಕ್ಕೆ. ನಾವು ಹೊರಡೋ ಜಾಗ ಇಲ್ಲಿಂದ ಎರಡು ಗಂಟೆ ದಾರಿ ಮೇಲುಗಡೆ. ಯಾರನ್ನ ಕಳಿಸಲಿ?"

"ನಾನು ಇಳೀತೀನಿ."

ಅವಳು ಅವರ ಮುಖವನ್ನೊಮ್ಮೆ ನೋಡಿ ಹೊರಟಳು.

ಹೊರಡುವ ದಿನ ಐದೂವರೆಗೆ ಮೇಷ್ಟ್ರು ಸೇತುವೆಯ ಬಳಿ ಇದ್ದರು. ನಲವತ್ತೆರಡು ಮೆಟ್ಟಿಲು. ಮೊದಲ ಹತ್ತನ್ನು ಗೋಡೆ ಹಿಡಿದು ಇಳಿದರು. ಲೋಳೆ ಶುರುವಾದಲ್ಲಿ ನಿಂತರು. ಕೊನೆಗೆ ಕೂಸಿನಂತೆ ಕುಳಿತು, ಅಂಡಿನ ಮೇಲೆ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದರು. ಸೇತುವೆಯ ಮೇಲೆ ಹಾಲಿನವನು ಸೈಕಲ್ ನಿಲ್ಲಿಸಿ, "ಏನು ಮೇಷ್ಟ್ರೇ, ಜಾರುಬಂಡಿಯಾ?" ಎಂದು ಕೂಗಿದ. ಪಂಚೆಯೆಲ್ಲ ಕೆಸರು. ಕನ್ನಡಕ ಒರೆಸಿಕೊಂಡು ಕಂಬವನ್ನು ಒಮ್ಮೆ ನೋಡಿದರು. ನಂಬದೆ ಇನ್ನೊಮ್ಮೆ ನೋಡಿದರು. ನೀರು ಕೆಂಪಗಿತ್ತು, ಕಸಕಡ್ಡಿ ಹೊತ್ತು ಬರುತ್ತಿತ್ತು.

ಫೋನು ಹಚ್ಚಿದರು. "ಎರಡು ಹತ್ತು. ಹೊರಡಬೇಡ."

ಆ ಕಡೆಯಿಂದ ಮೆಲ್ಲನೆಯ ದನಿ: "ಮಾವ, ತಪ್ಪು ತಿಳೀಬೇಡ. ಕಂಬದ ಹತ್ತಿರಾನೇ ಇದ್ದೀಯಾ? ಅಥವಾ ನನ್ನನ್ನ ತಡೆಯೋಕೆ ಹೇಳ್ತಿದ್ದೀಯಾ?"

ಕೋಪ ಬರಬೇಕಿತ್ತು, ಬರಲಿಲ್ಲ. ಕೇಳುವ ಹಕ್ಕು ಅವಳಿಗಿದೆ ಎಂದು ಅವರಿಗೆ ಗೊತ್ತಿತ್ತು. ಒಂದು ಕೈಯಲ್ಲಿ ಮೆಟ್ಟಿಲಿನ ಅಂಚನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಫೋನನ್ನು ನೀರಿನ ಹತ್ತಿರಕ್ಕೆ ಚಾಚಿ, ಅವಳಿಗೆ ಸದ್ದು ಕೇಳಿಸಲೆಂದು ಹಾಗೇ ಹಿಡಿದುಕೊಂಡು ಕುಳಿತರು.