ಐದು ಕೈಯ ಕಾರ್ಬನ್

ಮೊನ್ನೆ ಉಸಲಿಗೆಂದು ನೆನೆಹಾಕಿದ್ದ ಕಡಲೆಕಾಳಿನ ಮುಚ್ಚಳ ತೆಗೆದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಂ ಕಣ್ಮುಂದೆ ಬಂದು ನಿಂತರು.

ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಎಂ.ಫಾರ್ಮಾ ಓದುವಾಗ, ಕಂಪ್ಯೂಟರಿನಲ್ಲಿ ಔಷಧಿಯ ಅಣು ವಿನ್ಯಾಸ ಮಾಡುವುದನ್ನು ನನಗೆ ಕಲಿಸಿದವರು ಅವರು. ಆದರೆ ಕಂಪ್ಯೂಟರ್ ಮುಟ್ಟಲು ಬಿಡಬೇಕಲ್ಲ! ಮೊದಲು ಡಬ್ಬಿಯಿಂದ ನೆನೆದ ಕಡಲೆ, ಪೊರಕೆ ಕಡ್ಡಿ ಹೊರಬರುತ್ತಿದ್ದವು. ಕಡಲೆ ಅಂದರೆ ಪರಮಾಣು, ಕಡ್ಡಿ ಅಂದರೆ ಬಂಧ. "ಕೈಯಲ್ಲಿ ಕಟ್ಟಕ್ಕೆ ಆಗ್ದೇ ಇರೋದು ಮೈಯೊಳಗೆ ಹೋಗಿ ಏನ್ ಮಾಡುತ್ತೆ, ಹೇಳ್ರೇ?" ಎನ್ನುತ್ತಿದ್ದರು. ನಮಗೋ ಅದು ಶಿಶುವಿಹಾರದ ಆಟ.

ಕಾಯಿಲೆಗೆ ಕಾರಣವಾದ ಪ್ರೋಟೀನಿನಲ್ಲಿ ಒಂದು ಗುಳಿ ಇರುತ್ತದೆ. ಅದರಲ್ಲಿ ಸರಿಯಾಗಿ ಕೂತು ಪ್ರೋಟೀನಿನ ಆಟ ನಿಲ್ಲಿಸುವ ಅಣು ಹುಡುಕಬೇಕು. ಎಷ್ಟು ಬಿಗಿಯಾಗಿ ಕೂತಿತೆಂದು ಕಂಪ್ಯೂಟರ್ ಅಂಕ ಕೊಡುತ್ತದೆ. ನನ್ನ ಅಣುಗಳೆಲ್ಲ ಸಪ್ಪೆ ಅಂಕದವು. ಪ್ರಾಜೆಕ್ಟ್ ಒಪ್ಪಿಸಲು ಒಂದೇ ವಾರ ಉಳಿದಿತ್ತು. ಫೇಲಾದರೆ ಬ್ಯಾಟರಾಯನಪುರದಲ್ಲಿ ಸೋದರಮಾವನ ಮೆಡಿಕಲ್ ಶಾಪಿನ ಸ್ಟೂಲು ಕಾದಿತ್ತು. ಹಟಕ್ಕೆ ಬಿದ್ದು, ಕಡಲೆಯ ಗೊಡವೆಗೇ ಹೋಗದೆ, ನೇರ ಕಂಪ್ಯೂಟರಿನಲ್ಲೇ ಒಂದು ಅಣು ಗೀಚಿದೆ... ಅಬ್ಬಾ, ಎಂಥ ಅಂಕ ಬಂತು! ಇಡೀ ಲ್ಯಾಬಿಗೆ ಮೈಸೂರು ಪಾಕ್ ಹಂಚಿಬಿಟ್ಟೆ.

ಮೇಡಂ ನಿಧಾನವಾಗಿ ತಿಂದರು, ಕೈ ಒರೆಸಿಕೊಂಡರು, ಕಡಲೆಯ ಡಬ್ಬಿ ಮುಂದೆ ತಳ್ಳಿದರು. "ಕಟ್ಟು, ನೋಡೋಣ."

ಕಟ್ಟುತ್ತ ಹೋದೆ. ನಡುವಿನ ಕಡಲೆಗೆ ಐದನೆಯ ಕಡ್ಡಿ ಚುಚ್ಚಿದಾಗ ಅದು ಎರಡು ಹೋಳಾಯಿತು. ಆ ಕಡಲೆ ಕಾರ್ಬನ್. ಕಾರ್ಬನ್ನಿಗೆ ಇರುವುದು ನಾಲ್ಕೇ ಕೈ, ಅಂದರೆ ನಾಲ್ಕೇ ಬಂಧ; ನಾನು ಐದು ಕೊಟ್ಟಿದ್ದೆ. ಅಂಥ ಅಣು ಇರಲು ಸಾಧ್ಯವೇ ಇಲ್ಲ, ಆದರೂ ಕಂಪ್ಯೂಟರ್ ಗೊಣಗದೆ ಅಂಕ ಕೊಟ್ಟಿತ್ತು.

"ಮೈಸೂರ್ ಪಾಕ್ ಚೆನ್ನಾಗಿದೆ ಕಣೇ, ಇನ್ನೊಂದು ಕೊಡು," ಎಂದರು ಮೇಡಂ. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಆ ವಾರವೆಲ್ಲ ಅವರು ನನ್ನ ಪಕ್ಕದಲ್ಲೇ ಕೂತರು. ಕೊನೆಗೆ ದಕ್ಕಿದ ಅಂಕ ಸಾಧಾರಣದ್ದು, ಅಣು ಮಾತ್ರ ಅಪ್ಪಟ. ಪಾಸಾದೆ, ಮಾವ ಸ್ಟೂಲಿಗೆ ಬೇರೆಯವರನ್ನು ಹುಡುಕಿಕೊಂಡರು.

ಈಗ ಅಣು ಹುಡುಕುವುದೇ ನನ್ನ ಕೆಲಸ. ಮೇಡಂ ಹೋಗಿ ಎರಡು ವರ್ಷವಾಯಿತು... ಅವರು ಕಾಯಿಲೆ ಬಿದ್ದಾಗ ಪುಟ್ಟೇನಹಳ್ಳಿಯ ಮನೆಗೆ ಹೋಗಿದ್ದೆ. "ನನ್ನ ಪ್ರೋಟೀನಿಗೆ ಏನಾದ್ರೂ ಸಿಕ್ತೇನೇ?" ಎಂದು ನಗುತ್ತಲೇ ಕೇಳಿದ್ದರು. ಅವರೆದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇನ್ನೂ ಇಲ್ಲ ಮೇಡಂ," ಎಂದೆ. ಅವರ ಕಾಯಿಲೆಗೆ ಮದ್ದು ಇವತ್ತಿಗೂ ಸಿಕ್ಕಿಲ್ಲ. ಬೆಳಿಗ್ಗೆ ಹೋಗಿ ಕೂತರೆ ನಾನು ಹುಡುಕುವುದು ಅದನ್ನೇ.