ದಾಳಕ್ಕೆ ಬಿಟ್ಟ ಧೈರ್ಯ

ನಂಜನಗೂಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹದಿನೈದು ದಿನಕ್ಕೊಮ್ಮೆ ಯುದ್ಧ ನಡೆಯುತ್ತದೆ. ಹಸಿರು ಬೆಡ್‌ಶೀಟೇ ಬಯಲು, ಅದರಡಿ ತುರುಕಿದ ಪುಸ್ತಕಗಳೇ ಗುಡ್ಡ. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸೀಸದ ಸೈನಿಕರನ್ನು ಟೇಪು ಹಿಡಿದು ಅಳೆದು ಸರಿಸುತ್ತೇವೆ. ಯಾರು ಸತ್ತರು, ಯಾರು ಉಳಿದರು ಎಂಬುದನ್ನು ದಾಳ ಹೇಳುತ್ತದೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಕಲಿತ ಆಟ ಇದು. ಇಂಗ್ಲಿಷಿನ ನಿಯಮದ ಪುಸ್ತಕ ಓದಿ ಕನ್ನಡದಲ್ಲಿ ವಿವರಿಸುವ ಕೆಲಸವೂ, ತಕರಾರು ಬಂದರೆ ತೀರ್ಪು ಕೊಡುವ ಕೆಲಸವೂ ನನ್ನದೇ.

ಆಡುವವರು ಹೆಮ್ಮಿಗೆಯ ಅಣ್ಣ ತಮ್ಮ. ಅಣ್ಣ ಟಿ. ನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಸೈನಿಕರಿಗೆಲ್ಲ ಬಣ್ಣ ಬಳಿದವರು, ಒಬ್ಬೊಬ್ಬರಿಗೂ ಬೇರೆ ಬೇರೆ ಮೀಸೆ ಬರೆದವರು ಅವರೇ. ತಮ್ಮ ಇಲ್ಲಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಮೂರು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ತಾಯಿಯ ಆಪರೇಷನ್ ದಿನ ಅಣ್ಣ ಆಸ್ಪತ್ರೆಯಿಂದ ಎದ್ದು ಹೋದರು. ತಾಯಿ ಉಳಿಯಲಿಲ್ಲ. ಕಾಗದಗಳಿಗೆ ಸಹಿ ಹಾಕಿದವನು, ಆಮೇಲೆ ಹೊರಗೆ ಬಂದು ನೆಂಟರಿಗೆ ಸುದ್ದಿ ಹೇಳಿದವನು ತಮ್ಮನೊಬ್ಬನೇ. ತಿಥಿಯ ದಿನ ಎಲ್ಲರೆದುರು ಅವನು ಅಣ್ಣನನ್ನು ಹೇಡಿ ಅಂದ. ಅಲ್ಲಿಗೆ ಮಾತು ನಿಂತಿತು, ಆಟ ಮಾತ್ರ ನಿಲ್ಲಲಿಲ್ಲ. ತಾನು ಬಿಟ್ಟರೆ ಇನ್ನೊಬ್ಬನಿಗೆ ಜಾಗ ಬಿಟ್ಟುಕೊಟ್ಟ ಹಾಗೆ ಎಂದು ಇಬ್ಬರೂ ನನ್ನ ಹತ್ತಿರ ಬೇರೆ ಬೇರೆಯಾಗಿ ಹೇಳಿದ್ದರು. ಅಥವಾ ಒಬ್ಬರು ಹೇಳಿದ್ದನ್ನು ನಾನು ಇಬ್ಬರ ಬಾಯಲ್ಲೂ ಇಟ್ಟಿರಬಹುದು.

ಟೇಪು ಅಣ್ಣನ ಮೊಣಕೈ ಪಕ್ಕದಲ್ಲೇ ಇದ್ದರೂ "ಟೇಪು ಕೊಡಾಕೆ ಹೇಳಿ ಸಾ" ಎಂದು ತಮ್ಮ ನನಗೆ ಹೇಳುತ್ತಿದ್ದ. ನೇರವಾಗಿ ಮಾತಾಡಲೇಬೇಕಾದ ಸಂದರ್ಭ ಒಂದೇ ಇತ್ತು. ಒಂದು ದಳ ಇನ್ನೊಂದರ ಮೇಲೆ ಏರಿಹೋಗಿ ಹತ್ತಿರದ ಕಾಳಗಕ್ಕೆ ಇಳಿಯುವ ಮೊದಲು, ಏರಿಹೋಗುವವನು "ನಿಲ್ತೀಯಾ, ಓಡ್ತೀಯಾ?" ಎಂದು ಕೇಳಬೇಕು. ಎದುರಿನವನು ಬಾಯಿಬಿಟ್ಟು ಉತ್ತರ ಕೊಡಬೇಕು. ನಿಂತರೆ ಕಾಳಗ, ಓಡಿದರೆ ಆರಿಂಚು ಹಿಂದಕ್ಕೆ. ಆ ಪ್ರಶ್ನೆ, ಆ ಉತ್ತರ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ಅಷ್ಟಾದರೂ ಉಳಿದಿದೆಯಲ್ಲ ಅಂತ.

ಹೋದ ತಿಂಗಳು ಒಂದು ಭಾನುವಾರ ಅಣ್ಣ ಒಂದು ಗಂಟೆ ಮೊದಲೇ ಬಂದು ಪುಸ್ತಕ ಕೇಳಿದರು. ಕಾಳಗದ ಪುಟ ತೆಗೆದು, ನಿಲ್ತೀಯಾ ಓಡ್ತೀಯಾ ಎಂದು ಕೇಳಬೇಕು ಅಂತ ಎಲ್ಲಿದೆ ತೋರಿಸಿ ಅಂದರು. ಎರಡು ಸಲ ಓದಿದೆ. ಎಲ್ಲೂ ಇರಲಿಲ್ಲ. ಶತ್ರು ಮೈಮೇಲೆ ಬಂದಾಗ ನಿಲ್ಲುವುದು, ಓಡುವುದು ಆಡುವವನ ಇಷ್ಟವಲ್ಲ. ದಳದ ಧೈರ್ಯ ಎಷ್ಟೆಂದು ತಿಳಿಯಲು ಎರಡು ದಾಳ ಹಾಕಬೇಕು. ಏಳು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ದಳ ನಿಲ್ಲುತ್ತದೆ, ಕಡಿಮೆ ಬಿದ್ದರೆ ಓಡುತ್ತದೆ. ಕಾಳಗದಲ್ಲಿ ಸೋತವನು ಮತ್ತೊಮ್ಮೆ ಹಾಕಬೇಕು. ಬಾಯಿಂದ ಕೇಳುವುದು ಹಾಸ್ಟೆಲಿನಲ್ಲಿ ಆಡುತ್ತಿದ್ದ ಬೇರೊಂದು ಆಟದ ಪದ್ಧತಿ. ನಾನು ಎರಡನ್ನೂ ಕಲಸಿ ಹೇಳಿಕೊಟ್ಟಿದ್ದೆ.

ಅವರಿಬ್ಬರನ್ನು ಮಾತಾಡಿಸಬೇಕೆಂದೇ ಹಾಗೆ ಮಾಡಿದೆ ಎಂದುಬಿಡಲು ನಾಲಿಗೆ ತುದಿಗೆ ಬಂತು. ಸ್ವಲ್ಪ ಕಾಲದಿಂದ ನಾನೇ ಅದನ್ನು ನಂಬಿಯೂ ಇದ್ದೆ. ಆಮೇಲೆ ಡೈರಿ ನೋಡಿದರೆ, ನಿಯಮ ವಿವರಿಸಿದ್ದು ಅವರ ಜಗಳಕ್ಕಿಂತ ಒಂದು ವರ್ಷ ಮೊದಲು. ಅದು ಬರೀ ತಪ್ಪು.

ಇರಲಿ ಬಿಡಿ, ನೀವಿಬ್ಬರೂ ಆಡುವ ಮಾತು ಅದೊಂದೇ ಅಲ್ಲವೇ ಅಂದೆ. ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

"ಮೂರು ವರ್ಷದಿಂದ ಅವನು ಕೇಳ್ತಾನೇ ಅವ್ನೆ. ನಾನು ನಿಲ್ತೀನಿ, ನಿಲ್ತೀನಿ ಅಂತ ಹೇಳ್ತಾನೇ ಇವ್ನಿ. ಒಂದ್ಸಲನಾದ್ರೂ ಓಡ್ತೀನಿ ಅಂದಿದ್ದು ಕೇಳಿದೀರಾ?"

ಕೇಳಿರಲಿಲ್ಲ. ಸೋಲುವುದು ಖಾತ್ರಿ ಇದ್ದಾಗಲೂ ಅವರು ದಳವನ್ನು ನಿಲ್ಲಿಸಿ, ತಾವೇ ಬಣ್ಣ ಹಚ್ಚಿದ ಗೊಂಬೆಗಳನ್ನು ಸಾಲುಸಾಲಾಗಿ ಕಳೆದುಕೊಳ್ಳುತ್ತಿದ್ದರು. ಅವರಿಗೆ ಆಟ ಬರುವುದಿಲ್ಲ ಎಂದುಕೊಂಡಿದ್ದೆ. ಹಾಗೆಂದು ತಮ್ಮನ ಜೊತೆ ಸೇರಿ ನಕ್ಕಿದ್ದೂ ಇರಬಹುದು. ಇನ್ನು ಮೇಲೆ ದಾಳವೇ ಹೇಳಲಿ, ಇಲ್ಲದಿದ್ದರೆ ನಾನು ಬರುವುದು ಬಿಡುತ್ತೇನೆ ಎಂದರು. ದನಿ ಏರಿಸಲಿಲ್ಲ.

ಒಂದು ಹಾಳೆಯಲ್ಲಿ ಸರಿಯಾದ ನಿಯಮ ಬರೆದೆ. ತಮ್ಮ ಬಂದ ಮೇಲೆ ಓದಿ ಹೇಳಿ, ತಪ್ಪು ನನ್ನದು ಅಂದೆ.

"ಇಷ್ಟ್ ವರ್ಷ ತಪ್ಪಾಡ್ಸುದ್ರಾ ಸಾ? ಅಂಗಾರೆ ನಾನು ಸೋತಿದ್ದೆಲ್ಲ ವಜಾ ಮಾಡಿ" ಎಂದು ನಕ್ಕ. ಅಣ್ಣನ ಕಡೆ ನೋಡಲಿಲ್ಲ.

ಊಟಕ್ಕೆ ಮುಂಚೆ ಅವನ ಕುದುರೆ ದಳ ಅಣ್ಣನ ಭರ್ಜಿ ದಳದ ಮೇಲೆ ಏರಿಹೋಯಿತು. ಅಭ್ಯಾಸಬಲದಿಂದ ಬಾಯಿ ತೆರೆದವನು ಹಾಗೇ ಮುಚ್ಚಿದ. ಎರಡು ದಾಳಗಳನ್ನು ಬೆರಳಿನಿಂದ ಅಣ್ಣನ ಕಡೆ ನೂಕಿದ. ಅಣ್ಣ ಹಾಕಿದರು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು.

ಆರಿಂಚು ಅಳೆದು, ಹನ್ನೆರಡು ಗೊಂಬೆಗಳನ್ನೂ ಒಂದೊಂದಾಗಿ ಬೆನ್ನು ತಿರುಗಿಸಿ ಹಿಂದಕ್ಕಿಟ್ಟರು. ಅವಸರ ಮಾಡಲಿಲ್ಲ. ಆಮೇಲೆ ಮೇಜನ್ನೇ ನೋಡುತ್ತ, ಮೂರು ವರ್ಷದಲ್ಲಿ ಮೊದಲ ಸಲ ಆಟದ್ದಲ್ಲದ ಮಾತನ್ನು ತಮ್ಮನಿಗೆ ಹೇಳಿದರು.

"ಅವತ್ತೂ ಇಂಗೇ ಆಯ್ತು ಕಣೋ. ಯೋಚ್ನೆ ಮಾಡಿ ಎದ್ದಿದ್ದಲ್ಲ. ನೋಡಿದ್ರೆ ಆಸ್ಪತ್ರೆ ಗೇಟಾಚೆ ನಿಂತಿದ್ದೆ. ವಾಪಸ್ ಬರಾಕೆ ಕಾಲು ಬರ್ನಿಲ್ಲ."

ತಮ್ಮ ಒಂದು ಕುದುರೆಯನ್ನು ಎತ್ತಿ, ಅದರ ಕಾಲಡಿ ನೋಡಿ, ಅಲ್ಲೇ ಇಟ್ಟ. ಏನಾದರೂ ಕೊಂಕು ಬರುತ್ತದೆಂದು ನಾನು ಕಾಯುತ್ತಿದ್ದೆ.

"ನಾನೇನು ಯೋಚ್ನೆ ಮಾಡಿ ನಿಂತಿದ್ನಾ ಅಣ್ಣ" ಅಂದ. "ಪೆನ್ನು ತಂದು ನನ್ ಕೈಗೆ ಕೊಟ್ರು. ಅದ್ಕೆ ನಿಂತಿದ್ದೆ."

ಮಾತುಗಳು ಇವೇ ಆಗಿದ್ದವೋ, ಹೆಚ್ಚುಕಡಿಮೆ ಇದ್ದವೋ. ಅದೇ ದಿನ ಬರೆದುಕೊಂಡರೂ ನನ್ನ ಬರವಣಿಗೆಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ ಎಂಬುದು ಮಾತ್ರ ಖಂಡಿತ.

ಆಟ ಮುಗಿಯಲಿಲ್ಲ. ಊಟ ಮಾಡಿ ಇಬ್ಬರೂ ಒಟ್ಟಿಗೇ ಎದ್ದರು. ಹೊರಗೆ ತಮ್ಮನ ಬೈಕು ಸ್ಟಾರ್ಟ್ ಆದದ್ದು ಕೇಳಿಸಿತು. ಬಸ್ ಸ್ಟ್ಯಾಂಡಿನವರೆಗೆ ಅಣ್ಣ ಅದರ ಹಿಂದೆ ಕೂತು ಹೋದರು ಎಂದು ಬರೆಯುವ ಆಸೆ ನನಗೆ ಬಹಳ ಇದೆ. ಆದರೆ ನಾನು ಆಗ ಒಳಗೆ ಸೈನಿಕರನ್ನು ಡಬ್ಬಕ್ಕೆ ತುಂಬುತ್ತಿದ್ದೆ.