‘ಎಡಕ್ಕೆ ತಿರುಗಿ’ ಎಂದು ಬರೆಯುವ ಕೈ

ಬೆಳಗಿನ ಐದೂ ಮುಕ್ಕಾಲು. ನದಿಯ ಮೇಲೆ ಮಂಜು ಇನ್ನೂ ಎದ್ದಿಲ್ಲ. ಹಳೆಯ ಸುಂಕದ ಮನೆಯ ಪಕ್ಕದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹ್ಯಾಂಡಲಿಗೆ ತೂಗುಬಿಟ್ಟ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಹಿಂಡುತ್ತಾರೆ ಆಕೆ. ಎದೆಮಟ್ಟದ ಕಂಬದ ಮೇಲೆ ಬಿಳಿ ಹಲಗೆ, ಅದರಲ್ಲಿ ಕಪ್ಪಕ್ಷರ: ‘19. ಎಡಕ್ಕೆ ತಿರುಗಿ. ಮುಂದೆ ರಸ್ತೆ ಇಲ್ಲ.’ ಹಕ್ಕಿ ಹಿಕ್ಕೆ ಒರೆಸುತ್ತಾರೆ, ಕಂಬದ ಬುಡಕ್ಕೆ ಹಬ್ಬಿದ ಬಳ್ಳಿ ಕೀಳುತ್ತಾರೆ, ಎರಡೂ ಕೈಯಲ್ಲಿ ಕಂಬ ಹಿಡಿದು ಅಲುಗಾಡಿಸುತ್ತಾರೆ. ಅಲುಗಲಿಲ್ಲ. ಆಮೇಲಷ್ಟೇ ಫ್ಲಾಸ್ಕಿನ ಮುಚ್ಚಳ ತೆರೆದು ಚಹಾ ಬಗ್ಗಿಸಿಕೊಳ್ಳುತ್ತಾರೆ.

ಈ ಊರು ಒಂದು ಕಾಲಕ್ಕೆ ರಾಜ್ಯದ ರಾಜಧಾನಿ. ಅಧಿಕಾರ ಬೇರೆ ಊರಿಗೆ ಎದ್ದುಹೋಗಿ ನೂರು ವರ್ಷ ದಾಟಿದೆ. ಶಾಸನಸಭೆ, ಖಜಾನೆ, ನ್ಯಾಯಾಲಯ, ಸೆರೆಮನೆ ಮಾತ್ರ ನದಿಯುದ್ದಕ್ಕೂ ಹಾಗೇ ನಿಂತಿವೆ. ಅವನ್ನು ನೋಡಲು ಬರುವವರಿಗೆ ಗೈಡಿನ ಹಂಗಿಲ್ಲ. ಪ್ರವಾಸಿ ಕಚೇರಿಯ ಕಿಟಕಿಯಲ್ಲಿ ಮಡಿಸಿದ ಒಂದು ನಕ್ಷೆ ಕೊಡುತ್ತಾರೆ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಂತ ಕಾರಿನಲ್ಲಿ, ಬೋರ್ಡಿನ ಅಂಕಿ ಹಿಡಿದು ಸಾಗಿದರೆ ಹದಿನೇಳು ಕಿಲೋಮೀಟರ್, ಇಪ್ಪತ್ತಾರು ನಿಲ್ದಾಣ. ದಾರಿಯುದ್ದಕ್ಕೂ ನಲವತ್ತೊಂದು ಬೋರ್ಡು. ಅಷ್ಟನ್ನೂ ಬರೆಯುವುದು, ತೊಳೆಯುವುದು, ನೆಟ್ಟಗೆ ನಿಲ್ಲಿಸುವುದು ಐವತ್ತೆರಡರ ಈ ಒಬ್ಬ ಹೆಂಗಸು. ಊರಿನವರ ಬಾಯಲ್ಲಿ ಬೋರ್ಡಕ್ಕ.

ಸುತ್ತು ಒಂದನೇ ನಂಬರಿನಿಂದ ಶುರುವಾಗುತ್ತದೆ. ಬೋರ್ಡಕ್ಕನ ದಿನ ಶುರುವಾಗುವುದು ಹತ್ತೊಂಬತ್ತರಿಂದ.

ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಹತ್ತನೇ ವಯಸ್ಸಿಗೇ ಮಗಳ ಕೈಗೆ ಬ್ರಷ್ ಕೊಟ್ಟರು. “ಅಕ್ಷರ ಚೆಂದ ಇರೋದು ಆಮೇಲೆ, ಮೊದಲು ದೂರದಿಂದ ಕಾಣಬೇಕು ಅನ್ನೋರು ನಮ್ಮಪ್ಪ. ಕಾರಲ್ಲಿ ಹೋಗೋನಿಗೆ ಓದೋಕೆ ಸಿಗೋದು ಮೂರು ಉಸಿರು ಅಷ್ಟೇ,” ಎನ್ನುತ್ತಾರೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಚೇರಿಯವರು ಸುತ್ತು ಶುರುಮಾಡಿದಾಗ ಮೊದಲ ಬೋರ್ಡು ಬರೆದದ್ದೂ ಆಕೆಯೇ. ವಾರದ ದಿನ ಮೂವತ್ತೋ ನಲವತ್ತೋ ಕಾರು, ರಜೆಯ ದಿನ ಇನ್ನೂರು. ಅಷ್ಟು ಕಾರಿನವರಲ್ಲಿ ಆಕೆಯನ್ನು ಮಾತಾಡಿಸುವವರು, ಫೋಟೊಕ್ಕೆ ಅಡ್ಡ ಬಂದಿರಿ ಎಂದು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಕೆಲವರು ಬೋರ್ಡಿನ ಕೆಳಗೇ ಗಾಡಿ ನಿಲ್ಲಿಸಿ ದಾರಿ ಕೇಳುತ್ತಾರಂತೆ. “ಓದೋಕೆ ಬರೋರಿಗೇ ಕೇಳೋ ಚಟ ಜಾಸ್ತಿ,” ಎಂದು ನಗುತ್ತಾರೆ.

ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಸುಂಕದ ಮನೆಯ ಮುಂದಿನ ರಸ್ತೆ ಎಡಕ್ಕೆ ತಿರುಗದಿದ್ದರೆ ನೇರ ನದಿಗೆ ಇಳಿಯುತ್ತದೆ. ಹಿಂದೆ ಸರಕಿನ ಗಾಡಿಗಳು ದೋಣಿಯ ಹತ್ತಿರಕ್ಕೆ ಹೋಗುತ್ತಿದ್ದ ಕಲ್ಲಿನ ಇಳಿಜಾರು ಅದು. ನೀರು ಏರಿದಾಗ, ಮಬ್ಬು ಬೆಳಕಿನಲ್ಲಿ, ಒದ್ದೆ ರಸ್ತೆ ಎಲ್ಲಿ ಮುಗಿಯಿತು, ನದಿ ಎಲ್ಲಿ ಶುರುವಾಯಿತು ಎಂದು ಊರಿನವರಿಗೇ ಗೊತ್ತಾಗುವುದಿಲ್ಲ.

ಐದು ವರ್ಷದ ಹಿಂದೆ, ಮಳೆಗಾಲದ ಒಂದು ಮಂಗಳವಾರ, ಉಕ್ಕಿದ ನದಿ ಹತ್ತೊಂಬತ್ತನೇ ಬೋರ್ಡನ್ನು ಕಂಬದ ಸಮೇತ ಕೊಚ್ಚಿಕೊಂಡು ಹೋಯಿತು. ಬೋರ್ಡಕ್ಕ ಅಂದೇ ಕಚೇರಿಯ ಪುಸ್ತಕದಲ್ಲಿ ಬರೆದರು. ಬುಧವಾರ ಮತ್ತೆ ಬರೆದರು. ಗುರುವಾರವೂ ಬರೆದರು. “ನೀರು ಇಳೀಲಿ ತಾಯಿ, ಈಗ ಹಾಕಿದ್ರೆ ಅದೂ ಹೋಗುತ್ತೆ,” ಎಂದರು ಎಂಜಿನಿಯರು. ಸುತ್ತು ಮುಚ್ಚಲಿಲ್ಲ, ಕಿಟಕಿಯಲ್ಲಿ ನಕ್ಷೆ ಕೊಡುವುದೂ ನಿಲ್ಲಲಿಲ್ಲ. ಬುಧವಾರ ಸಂಜೆ ಆಕೆಯೇ ಎರಡು ಡ್ರಮ್ ಉರುಳಿಸಿ ತಂದು ಅಡ್ಡ ಇಟ್ಟು, ಕೆಂಪು ಬಟ್ಟೆ ಕಟ್ಟಿದರು. ಬೆಳಗಾಗುವಷ್ಟರಲ್ಲಿ ಡ್ರಮ್ಮು ಯಾರ ಮನೆ ಸೇರಿತ್ತೋ.

ಗುರುವಾರ ಮನೆಯ ಹಿತ್ತಿಲ ಬಾಗಿಲಿನ ಹಳೆ ಹಲಗೆಯನ್ನೇ ಬಿಚ್ಚಿ ಬರೆಯಲು ಕೂತರು. ಮಧ್ಯಾಹ್ನದ ಹೊತ್ತಿಗೆ ಅಕ್ಷರ ಮೂಡಿತ್ತು. ಮಳೆಯ ಮಬ್ಬಿಗೆ ಸಾಲದೆಂದು ಇನ್ನೊಂದು ಕೋಟ್ ಬಳಿದರು. ತೇವದ ಗಾಳಿಗೆ ಬಣ್ಣ ಒಣಗಲಿಲ್ಲ. ಕಾದರು. ಸಂಜೆ ಹಲಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಸುಂಕದ ಮನೆ ತಲುಪಿದಾಗ ದಡದಲ್ಲಿ ಜನ ಸೇರಿದ್ದರು.

ನದಿಗಿಳಿದ ಕಾರಿನಲ್ಲಿ ಇದ್ದವರು ಮೂವರು: ಗಂಡ, ಹೆಂಡತಿ, ಗಂಡನ ತಾಯಿ. ದೋಣಿಯವರು ಹೆಂಡತಿಯನ್ನು ಎಳೆದು ಹಾಕಿದ್ದರು. ಉಳಿದಿಬ್ಬರು ಸಿಕ್ಕಿದ್ದು ಮರುದಿನ.

“ಸೈಕಲ್ ಇಳಿದೆ. ಅಷ್ಟರಲ್ಲಿ ಹಿಂದೆ ಲೈಟು ಕಾಣಿಸ್ತು, ಇನ್ನೊಂದು ಕಾರು. ರಸ್ತೆ ನಡುವೆ ನಿಂತು ಹಲಗೆ ಎತ್ತಿ ಹಿಡಿದೆ. ಅವರು ನನ್ನ ಮುಖಾನೂ ನೋಡಲಿಲ್ಲ. ಓದಿದ್ರು, ಎಡಕ್ಕೆ ತಿರುಗಿಸಿ ಹೋಗೇಬಿಟ್ರು. ಹಸಿ ಬಣ್ಣ ನನ್ನ ಎರಡೂ ಅಂಗೈಗೆ ಅಂಟಿತ್ತು.”

ವಿಚಾರಣೆಗೆ ಮುಂಚೆ ಕಚೇರಿಯವರು ಆಕೆಯನ್ನು ಕರೆಸಿ ಒಂದು ಕಾಗದ ಮುಂದಿಟ್ಟರು. ಬೋರ್ಡು ಗುರುವಾರ ಮಧ್ಯಾಹ್ನದವರೆಗೆ ಸ್ಥಳದಲ್ಲೇ ಇತ್ತು, ಆಮೇಲೆ ಯಾರೋ ಕದ್ದಿದ್ದಾರೆ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಎಲ್ಲರ ಕೆಲಸವೂ ಉಳಿಯುತ್ತದೆ ಎಂದರು. ಹಳೆ ನ್ಯಾಯಾಲಯದಲ್ಲಿ ಕಾವಲುಗಾರನಾಗಿದ್ದ ಗಂಡನೂ ಅದನ್ನೇ ಹೇಳಿದರು. “ನೀರಲ್ಲಿದ್ದು ಮೊಸಳೆ ಜೊತೆ ಜಗಳ ಬೇಡ ಕಣೇ. ಸತ್ತೋರು ಎದ್ದು ಬರ್ತಾರಾ?”

ಆಕೆ ಸಹಿ ಹಾಕಲಿಲ್ಲ. ವಿಚಾರಣೆಯಲ್ಲಿ ಪುಸ್ತಕದ ಮೂರು ದಿನದ ಬರಹವನ್ನೂ ಗಟ್ಟಿಯಾಗಿ ಓದಿದರು. ಕೊನೆಗೆ, ಯಾರೂ ಕೇಳದಿದ್ದರೂ, ಎರಡನೇ ಕೋಟಿನ ವಿಷಯವನ್ನೂ ಹೇಳಿದರು.

“ಅದನ್ಯಾಕೆ ಹೇಳೋಕೆ ಹೋದ್ರಿ?” ಎಂದು ಕೇಳಿದೆ.

“ಮೂರು ದಿನದ್ದು ಹೇಳಿ ಅದೊಂದನ್ನ ನುಂಗಿದ್ರೆ, ಅವರ ಕಾಗದಕ್ಕೂ ನನ್ನ ಮಾತಿಗೂ ಏನು ವ್ಯತ್ಯಾಸ?”

ವರದಿ ಬಂತು. ಅವಘಡಕ್ಕೆ ಕಾರಣ ಎರಡು: ಅನಿರೀಕ್ಷಿತ ಪ್ರವಾಹ, ಮತ್ತು ಬೋರ್ಡು ಬರೆಯುವವರ ವಿಳಂಬ. ಎಂಜಿನಿಯರಿಗೆ ಬಡ್ತಿಯ ಮೇಲೆ ವರ್ಗವಾಯಿತು. ಬೋರ್ಡಕ್ಕ ಮನೆಗೆ. ಗಂಡನನ್ನು ಊರಾಚೆಯ ಉಗ್ರಾಣಕ್ಕೆ ಹಾಕಿದರು. ಆತ ನಾಲ್ಕು ತಿಂಗಳು ಹೆಂಡತಿಯೊಡನೆ ಮಾತು ಬಿಟ್ಟರು. “ತಟ್ಟೆ ಇಟ್ಟರೆ ಊಟ, ಇಲ್ಲದಿದ್ರೆ ಇಲ್ಲ. ಬೈದಿದ್ರೆ ಸಮಾಧಾನ ಆಗ್ತಿತ್ತು,” ಎನ್ನುತ್ತಾರೆ ಆಕೆ. ಬಾಗಿಲು ಕಳೆದುಕೊಂಡ ಹಿತ್ತಿಲಿಗೆ ಗೋಣಿ ಕಟ್ಟಿಕೊಂಡೇ ಆ ಮಳೆಗಾಲ ಕಳೆಯಿತು.

ಕಚೇರಿಯವರು ಅಂಟಿಸುವ ಬೋರ್ಡು ತರಿಸಿದರು. ಒಂದು ಬೇಸಿಗೆಗೆ ಅಂಕಿಯೆಲ್ಲ ಸುಲಿದು ಬಂತು, 16 ಹೋಗಿ 1 ಉಳಿಯಿತು, ಕಾರುಗಳು ಹೋದ ದಾರಿಯಲ್ಲೇ ಮತ್ತೆ ಸುತ್ತಿದವು. ಹನ್ನೊಂದು ತಿಂಗಳಾದ ಮೇಲೆ ಆಕೆಗೇ ಹೇಳಿಕಳಿಸಿದರು, ಈ ಸಲ ದಿನಗೂಲಿಯ ಮೇಲೆ. ಹೋದರು. ಆ ಬೆಳಿಗ್ಗೆ ಗಂಡ ಎದ್ದು ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆದುಕೊಟ್ಟರು.

ಹೋದ ವರ್ಷ ಒಬ್ಬ ಯುವತಿ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಹತ್ತೊಂಬತ್ತರ ಎದುರು ಇಳಿದು ಬಹಳ ಹೊತ್ತು ನಿಂತಳು. ಬೋರ್ಡಕ್ಕ ಅಲ್ಲೇ ಬುಡದ ಹುಲ್ಲು ತೆಗೆಯುತ್ತಿದ್ದರು. ಅಂದು ನದಿಯಿಂದ ಉಳಿದು ಬಂದ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಅವತ್ತು ನೀವೆಷ್ಟು ತಡವಾಗಿ ಬಂದ್ರಿ?” ಎಂದು ಕೇಳಿದಳು.

“ಹತ್ತು ನಿಮಿಷ ಕಣಮ್ಮಾ. ಬಣ್ಣ ಒಣಗಲಿ ಅಂತ ಕಾಯ್ತಾ ಕೂತಿದ್ದೆ.”

ಅವಳು ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಕಾರಿಗೆ ಹತ್ತಿ, ಎಡಕ್ಕೆ ತಿರುಗಿಸಿ ಹೋದಳು. “ಇಂಡಿಕೇಟರ್ ಹಾಕಿ ತಿರುಗಿಸಿದ್ಲು. ಅದು ಯಾಕೋ ಕಣ್ಣಲ್ಲೇ ಉಳಿದಿದೆ,” ಎನ್ನುತ್ತಾರೆ ಬೋರ್ಡಕ್ಕ. ಆ ದಿನ ಉಳಿದ ಬೋರ್ಡುಗಳನ್ನು ತೊಳೆಯಲಾಗಲಿಲ್ಲವಂತೆ.

ಇಳಿಜಾರಿನ ಬಾಯಿಗೆ ಮೊಣಕಾಲೆತ್ತರದ ಗೋಡೆ ಕಟ್ಟಿ ಎಂದು ಈವರೆಗೆ ಏಳು ಅರ್ಜಿ ಕೊಟ್ಟಿದ್ದಾರೆ. ಪಾರಂಪರಿಕ ತಾಣವಾದ್ದರಿಂದ ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ ಎಂದು ಏಳು ಸಲವೂ ಉತ್ತರ ಬಂದಿದೆ. ಎಂಟನೆಯದು ಬರೆದಿಟ್ಟಿದ್ದಾರೆ. ಬದುಕಿನಲ್ಲಿ ಬೇರೇನು ಆಸೆ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಆ ಗೋಡೆ ಆದ್ರೆ ಸಾಕು. ಒಂದು ದಿನ ಬಿಸಿಲು ಬರೋವರೆಗೂ ಮಲಗಬೇಕು.”

ಬಿಸಿಲು ಈಗ ಸುಂಕದ ಮನೆಯ ಗೋಡೆಗೆ ಬಿದ್ದಿದೆ. ಬಕೆಟ್ಟು ಹ್ಯಾಂಡಲಿಗೆ ಸಿಕ್ಕಿಸಿ ಇಪ್ಪತ್ತನೆಯ ನಂಬರಿನತ್ತ ಹೊರಟವರು, ನಾನು ಬರೆದುಕೊಳ್ಳುತ್ತಿರುವುದನ್ನು ಕಂಡು ನಿಲ್ಲುತ್ತಾರೆ.

“ಇದೊಂದು ಸೇರಿಸಿ. ನಾನು ಬರೆದದ್ದನ್ನ ಓದಿ ಇಷ್ಟು ವರ್ಷದಲ್ಲಿ ಒಬ್ಬರೂ ದಾರಿ ತಪ್ಪಿಲ್ಲ. ಅವತ್ತು ಹೋದೋರಿಗೆ, ಪಾಪ, ಓದೋಕೆ ಅಲ್ಲೇನೂ ಇರಲಿಲ್ಲ.”